ಬಿಟ್ಟಿ ಒಲೆ, ವಾಲುವ ದೋಣಿ

ತಮ್ಮಾ,

ಅಕ್ಕ ಎಂದು ಕರೆದಿದ್ದೀಯ, ಹಾಗಾಗಿ ಏಕವಚನದಲ್ಲೇ ಬರೆಯುತ್ತೇನೆ. ದಾವಣಗೆರೆಯಿಂದ ಬರ್ಮಿಂಗ್‌ಹ್ಯಾಮಿಗೆ ಬಂದು ಐದು ತಿಂಗಳಾಯಿತು, ಸಂಬಳದ ಅರ್ಧ ಬಾಡಿಗೆಗೇ ಹೋಗುತ್ತಿದೆ, ಹಳೆಯದೊಂದು ನ್ಯಾರೋಬೋಟ್ (ಇಲ್ಲಿನ ಕಾಲುವೆಗಳ ಉದ್ದನೆಯ, ಕಿರಿದಾದ ದೋಣಿ) ಕೊಂಡು ಕಾಲುವೆಯ ಮೇಲೇ ವಾಸ ಹೂಡುವ ಯೋಚನೆ ಇದೆ ಎಂದಿದ್ದೀಯ. ಕಚೇರಿಯವರೊಬ್ಬರು ಮನೆ ಖಾಲಿ ಮಾಡುತ್ತಾ ಅಡುಗೆಗೂ ಮನೆ ಬಿಸಿ ಮಾಡಲೂ ಬಳಸುವ ತಮ್ಮ ಹಳೆಯ ರೇಬರ್ನ್ ಒಲೆಯನ್ನು ಬಿಟ್ಟಿಯಾಗಿ ಕೊಡುತ್ತಾರಂತೆ, ದೋಣಿಯೊಳಗೆ ಕೂರಿಸಬಹುದೇ ಎಂಬುದು ನಿನ್ನ ಪ್ರಶ್ನೆ. ಕೂರಿಸಬಹುದು. ನಾವೂ ಕೂರಿಸಿದ್ದೇವೆ, ಒಂಬತ್ತು ಚಳಿಗಾಲ ಅದರ ಮುಂದೆಯೇ ಕಳೆದಿದ್ದೇವೆ. ಆದರೆ ‘ಬಿಟ್ಟಿ’ ಎಂಬ ಮಾತನ್ನು ಮಾತ್ರ ಮೊದಲು ಮರೆತುಬಿಡು.

ಇಡೀ ಮೈ ಎರಕದ ಕಬ್ಬಿಣ. ಮಾದರಿಗೆ ತಕ್ಕಂತೆ ಹೆಚ್ಚು ಕಡಿಮೆ 300 ಕಿಲೋ. ಆ ಭಾರಕ್ಕೆ ದೋಣಿ ಮುಳುಗೀತೆಂದು ಹೆದರಬೇಡ. 57 ಅಡಿ ಉದ್ದ, 6 ಅಡಿ 10 ಅಂಗುಲ ಅಗಲದ ದೋಣಿ ಮೂವತ್ತು ಚದರ ಮೀಟರಿಗಿಂತ ತುಸು ಹೆಚ್ಚು ನೀರನ್ನು ಆವರಿಸಿರುತ್ತದೆ. 300 ಕಿಲೋ ಹೇರಿದರೆ ಒಂದು ಸೆಂಟಿಮೀಟರ್ ಇಳಿಯುತ್ತದೆ, ಅಷ್ಟೇ. ತೊಂದರೆ ಬೇರೆ. ನಡುವೆ ಓಡಾಡಲು ದಾರಿ ಬೇಕಲ್ಲ, ಒಲೆ ಒಂದು ಗೋಡೆಗೆ ಒತ್ತಿಕೊಂಡೇ ಕೂರಬೇಕು. ಕೂತ ಕಡೆಗೆ ದೋಣಿ ವಾಲುತ್ತದೆ.

ನಮ್ಮದು ಎಡಗಡೆ ಕೂತಿತು. ಮೊದಲ ವಾರ ದೋಸೆ ಹೊಯ್ದರೆ ಎಣ್ಣೆಯೆಲ್ಲ ಹಂಚಿನ ಒಂದೇ ಅಂಚಿಗೆ ಹರಿದು ನಿಲ್ಲುತ್ತಿತ್ತು. ಆ ಕಡೆ ದೋಸೆ ದಪ್ಪಗೆ ಬೇಯದೆ ಉಳಿದರೆ ಈ ಕಡೆ ಸೀದು ಹಪ್ಪಳ. ಬಚ್ಚಲಿನ ನೀರು ತೂತಿನ ಕಡೆ ಹೋಗದೆ ಮೂಲೆಯಲ್ಲಿ ಮಡುಗಟ್ಟುತ್ತಿತ್ತು. ರಾತ್ರಿ ನಿದ್ದೆಯಲ್ಲಿ ನಿಮ್ಮ ಭಾವ ಉರುಳಿ ಉರುಳಿ ನನ್ನನ್ನು ಗೋಡೆಗೆ ಒತ್ತುತ್ತಿದ್ದರು. ಕೊನೆಗೆ ನೆಲದ ಹಲಗೆ ಎಬ್ಬಿಸಿದೆವು. ಇಂಥ ದೋಣಿಗಳು ನೀರಿನಲ್ಲಿ ಸರಿಯಾಗಿ ಕೂರಲೆಂದು ಕೆಳಗೆ ಕಾಂಕ್ರೀಟ್ ಚಪ್ಪಡಿಯನ್ನೋ ಇಟ್ಟಿಗೆಯನ್ನೋ ತುಂಬಿರುತ್ತಾರೆ. ತಲಾ ಹದಿನಾರು ಹದಿನೇಳು ಕಿಲೋ ತೂಗುವ ಹನ್ನೆರಡು ಚಪ್ಪಡಿಗಳನ್ನು ಎಡದಿಂದ ಬಲಕ್ಕೆ ಸಾಗಿಸಿದೆವು. ಒಂದು ಕಡೆ ತೆಗೆದು ಇನ್ನೊಂದು ಕಡೆ ಇಟ್ಟರೆ ಎರಡು ಪಟ್ಟು ಕೆಲಸ ಮಾಡುತ್ತದೆ ಎಂಬುದನ್ನು ಗಾಡಿಗೆ ಹೇರು ಹೇರಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಚಪ್ಪಡಿಗಳ ಅಡಿಗೆ ಪಟ್ಟಿ ಕೊಟ್ಟು ನೀರು ಹರಿಯಲು ಸಂದು ಬಿಡು, ಇಲ್ಲವಾದರೆ ತಳದ ಉಕ್ಕು ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ. ನಮ್ಮ ಹಾಗೆ ಒಲೆ ಕೂರಿಸಿದ ಮೇಲೆ ನೆಲ ಎಬ್ಬಿಸಬೇಡ, ಮೊದಲೇ ಮುಗಿಸು.

ಒಳಗೆ ತರುವ ದಿನವೂ ಸುಲಭದ್ದಲ್ಲ. ಮುಚ್ಚಳ, ಬಾಗಿಲು, ಸುಡುವ ತಟ್ಟೆ, ಒಳಗಿನ ಬೆಂಕಿ ಇಟ್ಟಿಗೆ ಎಲ್ಲವನ್ನೂ ಬಿಚ್ಚಿ ಬೇರೆ ಮಾಡಬೇಕು. ನಾವು ಉಳಿದ ಮೈಯನ್ನು ದಡದಿಂದ ಹಲಗೆಯ ಮೇಲೆ ಜಾರಿಸುವಾಗ ಭಾರ ದೋಣಿಯ ಅಂಚಿಗೆ ಬಿದ್ದ ಗಳಿಗೆಯಲ್ಲೇ ದೋಣಿ ದಡದ ಕಡೆ ಬಾಗಿ, ಹಿಂದೆಯೇ ದೂರ ಸರಿಯಿತು. ಹಲಗೆಯ ತುದಿ ಎರಡೇ ಅಂಗುಲದಷ್ಟು ಆಸರೆಯ ಮೇಲೆ ನಿಂತಿತ್ತು. ಹಗ್ಗವನ್ನು ಮುಂದೆ, ಹಿಂದೆ ಮಾತ್ರವಲ್ಲ, ಓರೆಯಾಗಿಯೂ ಬಿಗಿಯಬೇಕೆಂದು ನನಗೆ ಆ ದಿನ ತಿಳಿಯಿತು. ಕ್ರೇನ್ ಇರುವ ದೋಣಿಗಟ್ಟೆಗೆ ಹಣ ಕೊಡು, ಬೆನ್ನು ಉಳಿಯುತ್ತದೆ.

ಕೂರಿಸುವ ಜಾಗದ ಕೆಳಗೂ ಹಿಂದೆಯೂ ಮರ ಇರಕೂಡದು. ಬೆಂಕಿ ತಾಳುವ ಹಲಗೆ, ಅದರ ಹಿಂದೆ ಗಾಳಿಯಾಡುವ ಸಂದು, ಮೇಲೆ ಟೈಲ್ಸ್. ಇದಕ್ಕೆ ಬಿಎಸ್ 8511 ಎಂಬ ಬ್ರಿಟಿಷ್ ಮಾನದಂಡವೇ ಇದೆ, ಮಾಡುವವನನ್ನು ಅದರ ಬಗ್ಗೆ ಕೇಳು. ತಲೆ ಕೆರೆದುಕೊಂಡರೆ ಬೇರೆಯವನನ್ನು ನೋಡು. ಒಲೆಯನ್ನು ನೆಲಕ್ಕೆ ಬೋಲ್ಟ್ ಹಾಕಿ ಬಿಗಿಸು. ಬರ್ಮಿಂಗ್‌ಹ್ಯಾಮಿನಿಂದ ವುಸ್ಟರಿಗೆ ಹೋಗುವ ಕಾಲುವೆಯ ಟಾರ್ಡೆಬಿಗ್‌ನಲ್ಲಿ ಒಂದರ ಹಿಂದೊಂದು 30 ಲಾಕುಗಳಿವೆ, ಅಂದರೆ ನೀರು ತುಂಬಿ ಇಳಿಸಿ ದೋಣಿಯನ್ನು ಏರಿಸಿಳಿಸುವ ಕಟ್ಟೆಗಳು. ಒಂದೊಂದರಲ್ಲೂ ದೋಣಿ ಗೋಡೆಗೆ ಗುದ್ದುತ್ತದೆ.

ರೇಡಿಯೇಟರಿಗೆ ಬಿಸಿನೀರು ಕೊಡುವ ಬಾಯ್ಲರ್ ಇರುವ ಒಲೆಯಾದರೆ ಆ ನೀರನ್ನು ಸುತ್ತಿಸುವ ಬ್ಯಾಟರಿ ಪಂಪನ್ನು ನಂಬಿ ಕೂರಬೇಡ. ಬ್ಯಾಟರಿ ಸತ್ತರೂ ಬೆಂಕಿ ಆರುವುದಿಲ್ಲ, ನೀರು ಕೊತಕೊತ ಕುದಿಯುತ್ತದೆ. ಬಿಸಿ ನೀರು ತಾನೇ ಮೇಲೇರಿ ತಣಿದು ಹಿಂದಿರುಗುವಂತೆ 28 ಮಿಲಿಮೀಟರಿನ ದಪ್ಪ ಕೊಳವೆಯನ್ನು ಏರುಮುಖವಾಗಿ ಎಳೆಯಬೇಕು. ಮನೆಯಲ್ಲಿ ಸಾಕಾಗುವ ಏರು ಇಲ್ಲಿ ಸಾಲದು: ಮುಂದಿನ ನೀರಿನ ತೊಟ್ಟಿ ತುಂಬಿದಾಗ ದೋಣಿಯ ಮೂತಿ ತಗ್ಗುತ್ತದೆ, ಖಾಲಿಯಾದಾಗ ಎದ್ದು ನಿಲ್ಲುತ್ತದೆ, ಕೊಳವೆಯೂ ಜೊತೆಗೇ ಓರೆಯಾಗುತ್ತದೆ.

ಬೆಂಕಿಗೆ ಗಾಳಿ ಸಾಲದಿದ್ದರೆ ಹುಟ್ಟುವ ವಿಷಾನಿಲ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ. ಅದರ ಅಲಾರಂ 2019ರಿಂದ ಕಡ್ಡಾಯ. ನಾಲ್ಕು ವರ್ಷಕ್ಕೊಮ್ಮೆ ಸುರಕ್ಷಾ ಪ್ರಮಾಣಪತ್ರಕ್ಕಾಗಿ ಬರುವವರು ಅದನ್ನೂ ನೋಡುತ್ತಾರೆ. ಚಳಿಯೆಂದು ಗಾಳಿಕಿಂಡಿಗೆ ಬಟ್ಟೆ ತುರುಕುವವರನ್ನು ಕಂಡಿದ್ದೇನೆ. ಆ ಕೆಲಸ ಮಾತ್ರ ಮಾಡಬೇಡ.

ಉಳಿದ ಬದುಕಿನ ಬಗ್ಗೆಯೂ ಕೇಳಿದ್ದೀಯ. ಖಾಯಂ ತಂಗುದಾಣವಿಲ್ಲದಿದ್ದರೆ ಸಾಮಾನ್ಯವಾಗಿ 14 ದಿನಕ್ಕಿಂತ ಹೆಚ್ಚು ಒಂದೆಡೆ ನಿಲ್ಲುವಂತಿಲ್ಲ. ದಿನವೂ ಒಂದೇ ಕಚೇರಿಗೆ ಹೋಗುವವನಿಗೆ ಇದು ಹಿಂಸೆ. ಅಂಚೆಗೊಂದು ವಿಳಾಸ ಮೊದಲೇ ಹೊಂದಿಸಿಕೋ. ಬೂದಿ ತೆಗೆಯುವುದು ದಿನದ ಕೆಲಸ. ಹೊಗೆ ಕಡಿಮೆ ಬರುವ ಕಲ್ಲಿದ್ದಲ ಉಂಡೆಗಳನ್ನು 25 ಕಿಲೋ ಚೀಲಗಳಲ್ಲಿ ಇಂಧನದ ದೋಣಿಯವರೇ ಬಾಗಿಲಿಗೆ ತಂದು ಕೊಡುತ್ತಾರೆ. ಜೂನಿನಲ್ಲಿ ಇದೇ ಒಲೆ ಹಚ್ಚಿದರೆ ಉಕ್ಕಿನ ಡಬ್ಬದೊಳಗೆ ನೀನೇ ಬೇಯುತ್ತೀಯ, ಆದ್ದರಿಂದ ಬೇಸಿಗೆಗೆ ಗ್ಯಾಸ್ ಒಲೆಯೂ ಬೇಕು.

ನನ್ನನ್ನು ಕೇಳಿದರೆ, ಒಬ್ಬನೇ ಇರುವವನಿಗೆ ಈ ರಾಕ್ಷಸ ಬೇಡ. ಹಿಂದೆ ಸರಕು ಸಾಗಿಸುತ್ತಿದ್ದ ಕುಟುಂಬಗಳು ಹತ್ತಡಿಯ ಕೋಣೆಯಲ್ಲಿ ಬಾಗಿಲ ಪಕ್ಕಕ್ಕೊಂದು ಪುಟ್ಟ ಒಲೆ ಇಟ್ಟುಕೊಂಡು ಮಕ್ಕಳು ಮರಿಯನ್ನು ಸಾಕಿದವು. ಅಂಥದ್ದನ್ನೇ ಹುಡುಕು. ಇಲ್ಲ, ಇದೇ ಬೇಕು ಎಂಬ ಹಟವಿದ್ದರೆ ಮೊದಲು ದೋಣಿಯ ಬಾಗಿಲಿನ ಅಗಲ ಅಳೆದು ತಿಳಿಸು, ಬರುವ ಶನಿವಾರ ನಮ್ಮದನ್ನು ಬಂದು ನೋಡು. ದೋಸೆ ಹೊಯ್ಯುತ್ತೇನೆ, ಈಗ ನೆಟ್ಟಗೆ ಬರುತ್ತದೆ. ದಾವಣಗೆರೆಯವನು, ಬೆಣ್ಣೆ ನೀನೇ ತಾ.