ಬೀಜಕ್ಕಾಗಿಯೇ ಸ್ಥಳೀಯ ಸಸ್ಯಗಳನ್ನು ಬೆಳೆಸಬೇಕೆ?

ಕಾಡಿನಲ್ಲಿ ಬೀಜ ಸಿಗುತ್ತಿರುವಾಗ ಅದಕ್ಕೆಂದೇ ಗಿಡಗಳನ್ನು ಬೆಳೆಸಬೇಕೆ ಎಂಬ ಪ್ರಶ್ನೆಗೆ ನನ್ನ ಉತ್ತರವಿಷ್ಟೆ: ಪ್ರತಿ ವರ್ಷವೂ ಬೀಜ ಬೇಕಾಗುವುದಾದರೆ ಬೆಳೆಸಲೇಬೇಕು. ಏಕೆಂದರೆ ಕಾಡಿನಲ್ಲಿ ಕೊಯ್ಲಿನ ದಿನ ಮಾಗಿ ಸಿಗುವ ಬೀಜದಲ್ಲಿ ಶೇ 20ಕ್ಕಿಂತ ಹೆಚ್ಚು ತೆಗೆಯಬಾರದೆಂಬುದು ಸಂಗ್ರಾಹಕರು ಸಾಮಾನ್ಯವಾಗಿ ಪಾಲಿಸುವ ಮಿತಿ. ಏಕವಾರ್ಷಿಕ ಗಿಡಗಳ ವಿಷಯದಲ್ಲಿ ಇದನ್ನೂ ತಗ್ಗಿಸುವುದು ಒಳ್ಳೆಯದು, ಏಕೆಂದರೆ ಅವುಗಳ ಮುಂದಿನ ಪೀಳಿಗೆ ನೆಲಕ್ಕೆ ಉದುರುವ ಬೀಜವನ್ನೇ ನೆಚ್ಚಿಕೊಂಡಿರುತ್ತದೆ.

ಬೀಜದ ತಾಕನ್ನು, ಅಂದರೆ ಬೀಜಕ್ಕೆಂದೇ ಗಿಡ ಬೆಳೆಸುವ ಜಾಗವನ್ನು, ಆರಂಭಿಸುವಾಗ ಆಗುವ ದೊಡ್ಡ ತಪ್ಪೆಂದರೆ ಸೊಂಪಾಗಿ ಕಾಣುವ ಒಂದೆರಡು ತಾಯಿಗಿಡಗಳಿಂದಷ್ಟೇ ಬೀಜ ತರುವುದು. ಸಾಧ್ಯವಾದರೆ 50 ಅಥವಾ ಅದಕ್ಕೂ ಹೆಚ್ಚು ಗಿಡಗಳಿಂದ, ಕುಳ್ಳಗಿನದು, ತಡವಾಗಿ ಹೂಬಿಡುವುದು ಎಂಬ ಭೇದವೆಣಿಸದೆ, ಸ್ವಲ್ಪಸ್ವಲ್ಪವೇ ತಂದು ಬೆರೆಸಿದರೆ ಆ ಪ್ರದೇಶದ ಆನುವಂಶಿಕ ವೈವಿಧ್ಯ ತಾಕಿನಲ್ಲಿಯೂ ಉಳಿಯುತ್ತದೆ. ಕೊಯ್ಲನ್ನು ಒಂದೇ ಸಲಕ್ಕೆ ಮುಗಿಸಬಾರದು. ಹಾಗೆ ಮಾಡಿದರೆ ಒಂದೇ ವೇಳೆಗೆ ಮಾಗುವ ಗಿಡಗಳನ್ನು ನಮಗರಿವಿಲ್ಲದೆ ಆಯ್ದಂತಾಗುತ್ತದೆ.

ಬೀಜ ಬಲಿತಿದೆಯೇ ಎಂದು ತಿಳಿಯಲು ನಾಲ್ಕಾರು ಬೀಜಗಳನ್ನು ಬ್ಲೇಡಿನಿಂದ ಸೀಳಿ ನೋಡಬೇಕು: ಒಳಗೆ ಗಟ್ಟಿಯಾದ ತಿರುಳು ತುಂಬಿದ್ದರೆ ಸರಿ, ಹಾಲಿನಂತಹ ದ್ರವವಿದ್ದರೆ ಇನ್ನಷ್ಟು ದಿನ ಕಾಯಬೇಕು, ಪೊಳ್ಳಾಗಿದ್ದರೆ ಅಥವಾ ಹುಳು ಕೊರೆದ ಪುಡಿ ಕಂಡರೆ ಆ ಗಿಡವನ್ನು ಬಿಟ್ಟು ಮುಂದೆ ಹೋಗಬೇಕು. ಕೊಯ್ದದ್ದನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿದರೆ ಬೆವತು ಬೂಸ್ಟು ಹಿಡಿಯುತ್ತದೆ. ಕಾಗದದ ಅಥವಾ ಬಟ್ಟೆಯ ಚೀಲವೇ ಮೇಲು. ಬಹುತೇಕ ಬೀಜಗಳನ್ನು ನೆರಳಿನಲ್ಲಿ ಚೆನ್ನಾಗಿ ಒಣಗಿಸಿ, ಸ್ಥಳ ಮತ್ತು ದಿನಾಂಕ ಬರೆದು, ತಂಪಾದ ಕಡೆ ಇಡಬಹುದು. ಆದರೆ ಓಕ್, ಹಲಸಿನಂತಹ ಮರಗಳ ಬೀಜಗಳು ಒಣಗಿದರೆ ಸಾಯುತ್ತವೆ. ಅವನ್ನು ತಂದ ಕೆಲವೇ ದಿನಗಳಲ್ಲಿ ಬಿತ್ತಬೇಕು.