ಸಂಘ ‘ಹೊಣೆಯಲ್ಲ’ವೋ, ‘ಜವಾಬ್ದಾರಿಯಲ್ಲ’ವೋ?

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಜಾಗದಲ್ಲಿ ‘ವಾಹನ ಕಳುವಾದರೆ ಸಂಘ ಜವಾಬ್ದಾರಿಯಲ್ಲ’ ಎಂದು ಬೋರ್ಡ್ ಹಾಕಿಸಿದ್ದೇವೆ. ಅದು ತಪ್ಪು ಕನ್ನಡ, ‘ಹೊಣೆಯಲ್ಲ’ ಎಂದು ಬರೆಸಿ ಅನ್ನುತ್ತಾರೆ ಇಲ್ಲಿನ ಹಿರಿಯರೊಬ್ಬರು. ಎರಡೂ ಒಂದೇ ಅಲ್ವಾ? ‘ಉತ್ತರದಾಯಿ’ ಅನ್ನುವ ಪದವೂ ಈಚೆಗೆ ಜಾಸ್ತಿ ಕಾಣುತ್ತಿದೆ. ಅದನ್ನು ಎಲ್ಲಿ ಬಳಸಬೇಕು?
– ಓದುಗರೊಬ್ಬರು, ಮೈಸೂರು

ಉತ್ತರ: ಹಿರಿಯರು ಹೇಳಿದ್ದು ಸರಿ. ‘ಜವಾಬ್ದಾರ’ ಅಂದರೆ ಆಳು. ‘ಜವಾಬ್ದಾರಿ’ ಅಂದರೆ ಆ ಆಳಿನ ತಲೆ ಮೇಲಿರುವ ಭಾರ. ಸಾಲ ಮಾಡಿದವನು ‘ನಾನು ಸಾಲಗಾರ’ ಅನ್ನುತ್ತಾನೆ, ‘ನಾನು ಸಾಲ’ ಅನ್ನುವುದಿಲ್ಲವಲ್ಲ! ಮಾತಿನಲ್ಲಿ ‘ಅದಕ್ಕೆ ನಾನು ಜವಾಬ್ದಾರಿ ಅಲ್ಲ’ ಎಂದು ನಾವೆಲ್ಲ ಅನ್ನುತ್ತೇವೆ, ಯಾರೂ ತಡೆಯುವುದಿಲ್ಲ. ಬೋರ್ಡಿನಲ್ಲಿ ಮಾತ್ರ ಅದು ಎದ್ದು ಕಾಣುತ್ತದೆ. ತಿದ್ದಲು ಹೋಗಿ ‘ಸಂಘ ಜವಾಬ್ದಾರನಲ್ಲ’ ಎಂದು ಬರೆಸಿದರೆ ಸಂಘವನ್ನು ಗಂಡಸು ಮಾಡಿದಂತಾಗುತ್ತದೆ. ‘ಸಂಘದವರು ಜವಾಬ್ದಾರರಲ್ಲ’ ಎಂದರೆ ಸರಿಹೋಗುತ್ತದೆ.

‘ಹೊಣೆ’ಗೆ ಈ ತಾಪತ್ರಯವೇ ಇಲ್ಲ. ಹಳಗನ್ನಡದಲ್ಲಿ ಇದು ‘ಪೊಣೆ’. ‘ಪಾಲು’ ‘ಹಾಲು’ ಆದ ಹಾಗೆ ಇಲ್ಲೂ ಪಕಾರ ಹಕಾರವಾಯಿತು. ಮೂಲದಲ್ಲಿ ಅದರ ಅರ್ಥ ಜಾಮೀನು: ಒಬ್ಬನ ಮಾತಿಗೋ ಸಾಲಕ್ಕೋ ಇನ್ನೊಬ್ಬ ಕಟ್ಟುಬೀಳುವುದು. ಹಾಗೆ ಕಟ್ಟುಬಿದ್ದ ಆಳನ್ನೂ ‘ಹೊಣೆ’ ಎಂದೇ ಕರೆಯುತ್ತಿದ್ದರು. ಭಾರಕ್ಕೂ ಆಳಿಗೂ ಒಂದೇ ಪದ. ಅದಕ್ಕೇ ‘ಇದಕ್ಕೆ ನಾನೇ ಹೊಣೆ’, ‘ಸಂಘ ಹೊಣೆಯಲ್ಲ’, ‘ಮುಂದಿನ ಕಷ್ಟನಷ್ಟಗಳಿಗೆ ನೀವೇ ಹೊಣೆ’ ಎಲ್ಲವೂ ಸಲೀಸು. ಲಿಂಗ, ವಚನದ ಜಗಳ ಇಲ್ಲ. ‘ಹೊಣೆಗಾರ’ ತಪ್ಪಲ್ಲ. ಆದರೆ ‘ಸಂಬಂಧಪಟ್ಟವರನ್ನು ಹೊಣೆಗಾರರನ್ನಾಗಿ ಮಾಡಲಾಗುವುದು’ ಎಂಬ ಕಚೇರಿ ಕನ್ನಡ ಓದಿದಾಗ, ಯಾರು, ಯಾರನ್ನು, ಯಾವಾಗ ಅನ್ನುವುದು ಮಾತ್ರ ತಿಳಿಯುವುದಿಲ್ಲ. ‘ಕಡತ ಕಳೆದರೆ ವಿಷಯ ನಿರ್ವಾಹಕರೇ ಹೊಣೆ’ ಅಂದುಬಿಟ್ಟರೆ ಮುಗಿಯಿತು.

ಈಗ ನಿಮ್ಮ ಮುಖ್ಯ ಪ್ರಶ್ನೆ, ಎರಡೂ ಒಂದೇನಾ? ಬಹಳ ಕಡೆ ಒಂದೇ. ಆದರೂ ಬಳಕೆಯಲ್ಲಿ ಒಂದು ಗೆರೆ ಇದೆ. ಜವಾಬ್ದಾರಿಯನ್ನು ಕೆಲಸ ಶುರುವಾಗುವ ಮೊದಲೇ ಹಂಚುತ್ತೇವೆ. ಹೊಣೆ ಯಾರು ಅಂತ ಹುಡುಕುವುದು ಹೆಚ್ಚಾಗಿ ಕೆಲಸ ಕೆಟ್ಟ ಮೇಲೆ. ಮದುವೆ ಮನೆ ನೋಡಿ. ‘ಊಟದ ಜವಾಬ್ದಾರಿ ದೊಡ್ಡಪ್ಪನದು, ಛತ್ರದ ಜವಾಬ್ದಾರಿ ಸೋದರಮಾವನದು’ ಎಂದು ವಾರ ಮೊದಲೇ ತೀರ್ಮಾನವಾಗುತ್ತದೆ. ಎರಡನೇ ಪಂಕ್ತಿಗೆ ಹುಳಿ ಸಾಲದೇ ಹೋದಾಗ ಏಳುವ ಮಾತು: ‘ಇದಕ್ಕೆ ಯಾರು ಹೊಣೆ?’ ದೊಡ್ಡಪ್ಪ ಅಷ್ಟು ಹೊತ್ತಿಗೆ ಕಾಣಿಸುವುದಿಲ್ಲ, ಅದು ಬೇರೆ ವಿಷಯ.

ರಾಜಕೀಯದಲ್ಲೂ ಹೀಗೆಯೇ. ಖಾತೆಯ ಜವಾಬ್ದಾರಿ ವಹಿಸುತ್ತಾರೆ, ಸೋಲಿನ ಹೊಣೆ ಹೊರುತ್ತಾರೆ. 1956ರ ನವೆಂಬರಿನಲ್ಲಿ ಆಗಿನ ಮದ್ರಾಸ್ ರಾಜ್ಯದ ಅರಿಯಲೂರಿನ ಬಳಿ ರೈಲು ದುರಂತವಾಯಿತು. ರೈಲ್ವೆ ಸಚಿವರಾಗಿದ್ದ ಲಾಲ್ ಬಹದ್ದೂರ್ ಶಾಸ್ತ್ರಿ ರಾಜೀನಾಮೆ ಕೊಟ್ಟರು. ರೈಲು ಓಡಿಸಿದ್ದು ಅವರಲ್ಲ, ಆದರೂ ಹೊಣೆ ತಮ್ಮದೆಂದರು. ‘ನೈತಿಕ ಹೊಣೆ’ ಎಂದು ಪತ್ರಿಕೆಗಳು ಬರೆಯುವುದು ಇಂಥದ್ದಕ್ಕೇ. ನಮ್ಮಲ್ಲಿ 1984ರ ಲೋಕಸಭೆ ಚುನಾವಣೆಯಲ್ಲಿ ಜನತಾ ಪಕ್ಷಕ್ಕೆ 28ರಲ್ಲಿ 4 ಸ್ಥಾನ ಬಂದಾಗ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟು, 1985ರಲ್ಲಿ ಮತ್ತೆ ಜನರ ಮುಂದೆ ಹೋಗಿ ಗೆದ್ದು ಬಂದರು.

ಇನ್ನೊಂದು ಎಚ್ಚರಿಕೆ. ಈಚೆಗೆ ಎಲ್ಲದಕ್ಕೂ ‘ಹೊಣೆ’ ಅಂಟಿಸುತ್ತಿದ್ದಾರೆ. ‘ಡೆಂಗಿಗೆ ಈ ಸೊಳ್ಳೆಯೇ ಹೊಣೆ’, ‘ತಂಡದ ಗೆಲುವಿಗೆ ಕೋಚ್ ಹೊಣೆ’. ಸೊಳ್ಳೆ ಪಾಪ ಯಾರಿಗೂ ಮಾತು ಕೊಟ್ಟಿಲ್ಲ. ಅಲ್ಲಿ ಬೇಕಾದ್ದು ‘ಕಾರಣ’. ಗೆಲುವಿಗೂ ‘ಕಾರಣ’ವೇ ಸಾಕು. ಕನ್ನಡದ ಕಿವಿಗೆ ‘ಇದಕ್ಕೆ ಅವರೇ ಹೊಣೆ’ ಅಂದ ಕೂಡಲೇ ಏನೋ ಎಡವಟ್ಟಾಗಿದೆ ಅನ್ನಿಸುತ್ತದೆ.

‘ಉತ್ತರದಾಯಿ’ಗೆ ಬರೋಣ. ಇದು ಸಂಸ್ಕೃತದ ಪದ. ಉತ್ತರ ಕೊಡಬೇಕಾದವನು ಎಂದು ಅರ್ಥ. ‘ಜವಾಬು’ ಅಂದರೂ ಉತ್ತರವೇ ತಾನೆ? ಹಾಗಾಗಿ ಹುಟ್ಟಿನಿಂದ ಎರಡೂ ಹತ್ತಿರದ ನೆಂಟರು. ಆದರೆ ಪ್ರಯೋಗ ಬೇರೆ. ‘ಹೊಣೆ’ಯ ಜೊತೆ ವಿಷಯ ಬರುತ್ತದೆ: ಕಳುವಿಗೆ ಹೊಣೆ, ನಷ್ಟಕ್ಕೆ ಹೊಣೆ. ‘ಉತ್ತರದಾಯಿ’ಯ ಜೊತೆ, ಕೇಳುವ ಹಕ್ಕಿರುವವರು ಬರುತ್ತಾರೆ. ಸಂವಿಧಾನದ 164ನೇ ವಿಧಿಯ ಪ್ರಕಾರ ರಾಜ್ಯದ ಮಂತ್ರಿಮಂಡಲ ಒಟ್ಟಾಗಿ ವಿಧಾನಸಭೆಗೆ ಉತ್ತರದಾಯಿ. ನಿಮ್ಮ ಸಂಘದ ಪದಾಧಿಕಾರಿಗಳು ಸದಸ್ಯರಿಗೆ ಉತ್ತರದಾಯಿಗಳು. ‘ಕಳುವಿಗೆ ಉತ್ತರದಾಯಿ’ ಅಂದರೆ ಕಳುವೇ ಬಂದು ಲೆಕ್ಕ ಕೇಳುತ್ತದೇನೋ ಎಂಬಂತೆ ಕೇಳಿಸುತ್ತದೆ.

ನೀವು ಕೇಳದೇ ಇದ್ದರೂ ಒಂದು ಮಾತು: ಕನ್ನಡ ಸರಿಮಾಡಿದ ಮಾತ್ರಕ್ಕೆ ಬೋರ್ಡ್ ಹಾಕಿದವರು ಪಾರಾಗುವುದಿಲ್ಲ. 1998ರಲ್ಲಿ ದೆಹಲಿಯ ಹೋಟೆಲೊಂದರಲ್ಲಿ ಗ್ರಾಹಕರೊಬ್ಬರು ಕೀಲಿ ಕೊಟ್ಟು ನಿಲ್ಲಿಸಲು ಬಿಟ್ಟ ಕಾರು ಕಳುವಾಯಿತು. ಕಾರಿನ ಮಾಲೀಕರೇ ಜವಾಬ್ದಾರರು ಎಂದು ಟೋಕನ್ ಚೀಟಿಯಲ್ಲೇ ಅಚ್ಚಾಗಿತ್ತು. 2019ರಲ್ಲಿ ಸುಪ್ರೀಂ ಕೋರ್ಟ್ ಆ ಸಾಲನ್ನು ಒಪ್ಪಲಿಲ್ಲ. ಕೀಲಿ ತೆಗೆದುಕೊಂಡು ವಾಹನ ನಿಲ್ಲಿಸಿದ ಹೋಟೆಲು ತನ್ನ ಅಜಾಗರೂಕತೆಯ ಹೊಣೆಯನ್ನು ಒಂದು ಚೀಟಿಯಿಂದ ಕಳಚಿಕೊಳ್ಳಲಾಗದು ಎಂದಿತು. ನಿಮ್ಮಲ್ಲಿ ಕೀಲಿ ಯಾರ ಕೈಯಲ್ಲಿರುತ್ತದೆ ನೋಡಿಕೊಳ್ಳಿ.

ಪ್ರಶ್ನೆ: ಸ್ನೇಹಿತನ ಬ್ಯಾಂಕ್ ಸಾಲಕ್ಕೆ ‘ಸುಮ್ನೆ ಒಂದು ಸಹಿ’ ಅಂತ ಜಾಮೀನು ಹಾಕಿದ್ದೇನೆ. ಅವನು ಕಟ್ಟದಿದ್ದರೆ ನಾನೂ ಹೊಣೆಯೇ?
– ಓದುಗರೊಬ್ಬರು, ತಿಪಟೂರು

ಉತ್ತರ: ಹೌದು. ಇಲ್ಲಿ ‘ಹೊಣೆ’ ತನ್ನ ಹಳೆಯ ಅರ್ಥದಲ್ಲೇ ನಿಂತಿದೆ. 1872ರ ಭಾರತೀಯ ಕರಾರು ಕಾಯಿದೆಯ 128ನೇ ಕಲಂ ಪ್ರಕಾರ, ಪತ್ರದಲ್ಲಿ ಬೇರೆ ಷರತ್ತು ಇಲ್ಲದಿದ್ದರೆ, ಸಾಲ ಪಡೆದವನಿಗೆ ಎಷ್ಟು ಹೊಣೆಯೋ ಜಾಮೀನುದಾರನಿಗೂ ಅಷ್ಟೇ. ಮೊದಲು ಅವನನ್ನು ಕೇಳಿ ಮುಗಿಸಿ ಆಮೇಲೆ ನಿಮ್ಮ ಹತ್ತಿರ ಬರಬೇಕು ಎಂಬ ಕಟ್ಟುಪಾಡು ಬ್ಯಾಂಕಿಗಿಲ್ಲ. ನೀವು ಕಟ್ಟಿದರೆ ಅಷ್ಟನ್ನು ಸ್ನೇಹಿತನಿಂದ ವಸೂಲಿ ಮಾಡುವ ಹಕ್ಕು ನಿಮಗಿದೆ. ಸಹಿ ಹಾಕಿದ ಪತ್ರದ ಒಂದು ಪ್ರತಿಯನ್ನು ಬ್ಯಾಂಕಿನಿಂದ ಇವತ್ತೇ ಕೇಳಿ ಪಡೆಯಿರಿ.