ಕಾಸರ್ಕನ ಬೀಜ ತೇದು ಕುಡೀಬಹುದಾ?

ಪ್ರಶ್ನೆ: ಊರು ಕುಂದಾಪುರದ ಕಡೆ, ಈಗ ಮುಂಬೈ ಮಾಟುಂಗಾದ ಒಂದು ಹೋಟ್ಲಲ್ಲಿ ಗಲ್ಲೆ ಮೇಲೆ ಕೂರ್ತೀನಿ. ದಿನಕ್ಕೆ ಎಂಟ್ಹತ್ತು ಚಾ, ರಾತ್ರಿ ಊಟ ಒಂದು ಗಂಟೆಗೆ, ಹೊಟ್ಟೆ ಉರಿ ಬಿಡ್ತಾ ಇಲ್ಲ. ಹೋಮಿಯೋಪತಿ ಡಾಕ್ಟ್ರು ನಕ್ಸ್ ವೋಮಿಕಾ 30 ಕೊಟ್ಟಿದ್ದಾರೆ. ಗೋವಾದ ಕಾಣಕೋಣದಲ್ಲಿರೋ ಮಾವ, ಅದು ನಮ್ಮ ಕಾಸರ್ಕನೇ ಅಲ್ವಾ ಮಾರಾಯ, ಇಲ್ಲಿ ಕಾಜ್ರೋ ಅಂತಾರೆ, ಗುಡ್ಡೆ ತುಂಬ ಇದೆ ಅಂತ ನಾಲ್ಕು ಬೀಜ ಕಳಿಸಿದ್ದಾರೆ. ತೇದು ಕುಡೀಬಹುದಾ?

ಉತ್ತರ: ಬೇಡ ಮಾರಾಯ್ರೇ, ಬೇಡವೇ ಬೇಡ! ಮಾವ ಮರ ಗುರುತಿಸಿದ್ದು ಸರಿ, ಮದ್ದು ಹೇಳಿದ್ದು ತಪ್ಪು. ಹಣ್ಣು ನೋಡೋಕೆ ಸಣ್ಣ ಕಿತ್ತಳೆ ಥರ ಇರುತ್ತೆ, ಮಂಗಟ್ಟೆ ಹಕ್ಕಿ ತಿರುಳು ತಿಂದು ಬೀಜ ಉಗುಳಿ ಹಾರಿಹೋಗುತ್ತೆ, ಆ ಅಂಗಿ ಗುಂಡಿ ಆಕಾರದ ಚಪ್ಪಟೆ ಬೀಜದಲ್ಲಿ ಸ್ಟ್ರಿಕ್ನಿನ್ ಇದೆ. 1818ರಲ್ಲಿ ಫ್ರಾನ್ಸಿನ ಪೆಲೆತಿಯೆ, ಕಾವಂತೂ ಅನ್ನೋ ಇಬ್ಬರು ಬೇರ್ಪಡಿಸಿದ ವಿಷ ಇದು. ನಮ್ಮ ಬೆನ್ನುಹುರಿಯಲ್ಲಿ ನರಗಳಿಗೆ ಒಂದು ಬ್ರೇಕ್ ಇದೆ ನೋಡಿ, ಅದನ್ನೇ ಕಿತ್ತುಹಾಕುತ್ತೆ, ಮೈಯೆಲ್ಲ ಸೆಟೆದು ಉಸಿರು ನಿಲ್ಲುತ್ತೆ, ಅಷ್ಟರವರೆಗೂ ಪ್ರಜ್ಞೆ ಇರುತ್ತಂತೆ, ಪ್ರತಿವಿಷವೂ ಇಲ್ಲ. ಆಟಿ ಅಮಾಸೆಗೆ ಕಷಾಯಕ್ಕೆ ಹಾಲೆ ಮರದ ತೊಗಟೆ ತರೋಕೆ ಮರ ಗೊತ್ತಿದ್ದವರನ್ನೇ ಕಳಿಸೋದು ಯಾಕೆ ಅಂದ್ಕೊಂಡಿದ್ದೀರಿ, ಕಾಸರ್ಕನ ವಿಷದ ತೊಗಟೆ ಬಂದುಬಿಟ್ರೆ ಅಂತಲೇ.

ಆಯುರ್ವೇದದಲ್ಲಿ ಇದು ಕುಪೀಲು, ಅಗ್ನಿತುಂಡಿ ವಟಿ ಅನ್ನೋ ಮಾತ್ರೆಗೆ ಬೀಳುತ್ತೆ, ಆದ್ರೆ ಗೋಮೂತ್ರ, ಹಾಲು, ತುಪ್ಪ ಅಂತ ಶುದ್ಧಿ ಮಾಡಿದ ಮೇಲೆ, ಅದೂ ವೈದ್ಯರ ಅಳತೆಯಲ್ಲಿ. ಇಂಗ್ಲಿಷ್ ವೈದ್ಯದಲ್ಲೂ ಒಂದು ಕಾಲಕ್ಕೆ ಟಾನಿಕ್ ಆಗಿತ್ತು, 1904ರ ಒಲಿಂಪಿಕ್ ಮ್ಯಾರಥಾನ್‌ನಲ್ಲಿ ಹಿಕ್ಸ್ ಅನ್ನೋ ಓಟಗಾರನಿಗೆ ಮೊಟ್ಟೆ ಬಿಳಿ, ಬ್ರಾಂಡಿ ಜೊತೆ ಸ್ಟ್ರಿಕ್ನಿನ್ ಕೊಟ್ಟು ಓಡಿಸಿದ್ರು, ಗೆದ್ದ, ಆದ್ರೆ ಸಾಯೋದೊಂದು ಬಾಕಿ ಇತ್ತು.

ಇನ್ನು ನಿಮ್ಮ ಗುಳಿಗೆ. ಹೋಮಿಯೋಪತಿ ಹುಟ್ಟುಹಾಕಿದ ಹಾನೆಮಾನ್ ಶಿಷ್ಯರು ಇದನ್ನ ಬರೆದುಕೊಡೋದೇ ನಿಮ್ಮಂಥವರಿಗೆ: ಕೂತು ಕೆಲಸ, ನಿದ್ದೆಗೇಡು, ಚಾ ಕಾಫಿ, ಸಿಡುಕು, ಮಲಬದ್ಧತೆ. 30 ಅಂದ್ರೆ ನೂರಕ್ಕೆ ಒಂದರಂತೆ 30 ಸಲ ತೆಳು ಮಾಡಿದ್ದು, 12ನೇ ಸಲ ದಾಟೋ ಹೊತ್ತಿಗೇ ಮೂಲ ಬೀಜದ ಒಂದು ಅಣುವೂ ಉಳಿದಿರೋದು ಕಷ್ಟ. ಹಾಗಾಗಿ ವಿಷದ ಭಯ ಬೇಡ, ಗುಣ ಆಗುತ್ತಾ ಅಂದ್ರೆ ನಾನಂತೂ ನಂಬಲ್ಲ, 2015ರಲ್ಲಿ ಆಸ್ಟ್ರೇಲಿಯಾ ಸರ್ಕಾರದ ಆರೋಗ್ಯ ಮಂಡಳಿ ಹೋಮಿಯೋಪತಿ ಮೇಲಿನ ಅಧ್ಯಯನಗಳನ್ನೆಲ್ಲ ಜಾಲಾಡಿ ನಂಬೋ ಪುರಾವೆ ಸಿಗಲಿಲ್ಲ ಅಂತು. ಮದರ್ ಟಿಂಕ್ಚರ್, ಅಂದ್ರೆ ತೆಳು ಮಾಡೋ ಮೊದಲಿನ ಮೂಲ ದ್ರಾವಣ, ಮಾತ್ರ ಬೇರೆ, ಅದರಲ್ಲಿ ಬೀಜದ ಸತ್ವ ನಿಜವಾಗ್ಲೂ ಇರುತ್ತೆ, ನೀವಾಗೇ ತಂದು ಕುಡೀಬೇಡಿ.

ಊಟ ಒಂಬತ್ತಕ್ಕೆ ಮಾಡಿ, ಚಾ ಮೂರಕ್ಕೆ ಇಳಿಸಿ. ಎರಡು ವಾರದಲ್ಲಿ ಉರಿ ಇಳೀದಿದ್ರೆ ಹೊಟ್ಟೆ ಡಾಕ್ಟ್ರ ಹತ್ರ ಹೋಗಿ, ಮಲ ಕಪ್ಪಗೆ ಬಂದ್ರೆ ಅವತ್ತೇ. ಆ ನಾಲ್ಕು ಬೀಜ ಮಕ್ಕಳ ಕೈಗೆ ಸಿಗೋ ಮೊದಲು ವಿಲೇವಾರಿ ಮಾಡಿ, ಮಾವನಿಗೆ ಫೋನ್ ಮಾಡಿ ಅವರೇನಾದ್ರೂ ತೇದು ಕುಡೀತಿದ್ದಾರಾ ಕೇಳಿ.